ಆರರ ಜಾಗದಲ್ಲಿ ಒಂಬತ್ತು

ಓದುವಾಗ ಪುಟಸಂಖ್ಯೆ ನೋಡುವವರನ್ನು ನಾನು ಬಹಳ ಕಾಲ ಕೀಳಾಗಿ ಕಂಡಿದ್ದೆ. ಊಟಕ್ಕೆ ಕೂತವನು ಅನ್ನದ ರುಚಿ ಬಿಟ್ಟು ಪಾತ್ರೆಯಲ್ಲಿ ಎಷ್ಟು ಉಳಿದಿದೆ ಎಂದು ಇಣುಕುವ ಹಾಗೆ ಅದು, ಎಂಬುದು ನನ್ನ ಅಭಿಪ್ರಾಯವಾಗಿತ್ತು. ಈ ಅಭಿಪ್ರಾಯಕ್ಕೆ ಬಲಿಯಾದದ್ದು ಒಂದು ಕಾದಂಬರಿ. ಅದನ್ನು ಬರೆದವನು ನಾನೇ ಆದ್ದರಿಂದ ಬೇರೆ ಯಾರಿಗೂ ನಷ್ಟವಾಗಿಲ್ಲ. ಮುಂದೆ ಹೋಗುವ ಮೊದಲು ಒಂದು ಮಾತು. ಈ ಸಂಗತಿಯನ್ನು ನಾನು ಹಲವರಿಗೆ ಹೇಳಿದ್ದೇನೆ, ಹೇಳಿದಷ್ಟೂ ಸಲ ಅದು ಇನ್ನಷ್ಟು ನುಣುಪಾಗಿದೆ. ನುಣುಪಾದ ನೆನಪನ್ನು ನಾನು ನಂಬುವುದಿಲ್ಲ. ಹೊಳೆಯ ಕಲ್ಲು ನುಣುಪಾಗುವುದು ಮೂಲೆಗಳನ್ನು ಕಳೆದುಕೊಂಡ ಮೇಲೆಯೇ. ನನಗೆ ಸಿಕ್ಕಷ್ಟು ಮೂಲೆಗಳನ್ನು ಉಳಿಸಿ ಹೇಳುತ್ತೇನೆ.

ಕೊಡಗು ಆಗಿನ್ನೂ ತನ್ನದೇ ಒಂದು ರಾಜ್ಯವಾಗಿತ್ತು. ನಾನು ಗೋಣಿಕೊಪ್ಪಲಿನಲ್ಲಿ ಮೇಷ್ಟ್ರು, ಜೊತೆಗೆ ಊರಿನ ವಾಚನಾಲಯದ ಒಂದೇ ಒಂದು ಬೀರುವಿನ ಬೀಗದ ಕೈ ಇಟ್ಟುಕೊಂಡವನು. ನಾಪೋಕ್ಲಿನಲ್ಲಿ ಸೋಮಯ್ಯನವರಿದ್ದರು. ಸರ್ಕಾರದ ಮೋಜಣಿದಾರರಾಗಿ ಒಂದು ಆಯುಷ್ಯವೆಲ್ಲ ಸರಪಳಿ ಎಳೆದು ಗದ್ದೆ, ತೋಟ, ಕಾಡುಗಳನ್ನು ಅಳೆದವರು. ನಿವೃತ್ತರಾದ ಮೇಲೆ ಕಥೆ ಬರೆಯಲು ಕೂತವರು. ಅದೂ ಎಂಥ ಕಥೆಗಳು. ಒಂದರಲ್ಲಿ ಒಂದು ಗದ್ದೆಯಿದೆ. ಪೂರ್ವದಿಂದ ಪಶ್ಚಿಮಕ್ಕೆ ಅಳೆದರೆ ಇಪ್ಪತ್ತು ಸರಪಳಿ, ಹಿಂತಿರುಗಿ ಅಳೆದರೆ ಇಪ್ಪತ್ತೊಂದು. ಆ ಹೆಚ್ಚಿನ ಒಂದು ಸರಪಳಿ ನೆಲ ಯಾರದು ಎಂದು ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ, ನ್ಯಾಯಾಧೀಶ ಸ್ವತಃ ಅಳೆಯಲು ಬಂದು ಆ ನೆಲದಲ್ಲೇ ಮುದುಕನಾಗುತ್ತಾನೆ. ಇನ್ನೊಂದರಲ್ಲಿ, ನಕ್ಷೆ ಬರೆದವನ ಕೈತಪ್ಪಿನಿಂದ ಮಾತ್ರ ಇರುವ ಒಂದು ಊರು; ತಪ್ಪನ್ನು ತಿದ್ದಬೇಡಿ ಎಂದು ಆ ಊರಿನವರು ಮಕ್ಕಳುಮರಿ ಸಮೇತ ಅರ್ಜಿ ಹಿಡಿದು ಬರುತ್ತಾರೆ. ಮತ್ತೊಂದನ್ನು ಹೇಳುವುದು ಒಂದು ಜಿಗಣೆ. ಏಳು ಜನರ ರಕ್ತ ಕುಡಿದು ಏಳು ಜನರ ನೆನಪುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಇದರಲ್ಲಿ ‘ನಾನು’ ಯಾವುದು ಎಂದು ಅದು ಎಲೆಯ ತುದಿಯಲ್ಲಿ ನಿಂತು ಯೋಚಿಸುತ್ತದೆ. ಆ ಕಥೆ ಓದಿದ ಮೇಲೆ ಕಾಲಿಗೆ ಹತ್ತಿದ ಜಿಗಣೆಯನ್ನು ಕೀಳುವ ಮೊದಲು ನಾನು ಸ್ವಲ್ಪ ತಡೆಯುತ್ತಿದ್ದೆ. ಅದರೊಳಗೆ ಆಗಲೇ ನಾನೂ ಒಂದಿಷ್ಟು ಸೇರಿಹೋಗಿದ್ದೆನಲ್ಲ. ಇಂಥವೇ ಏಳು ಪುಸ್ತಕ. ಇದನ್ನೆಲ್ಲ ಬರೆಯಲು ಕಾರಣವೇನೆಂದು ಒಮ್ಮೆ ಕೇಳಿದ್ದೆ. ಅವರು ಮನೆಮಾತಾದ ಅರೆಭಾಷೆಯಲ್ಲೇ ಹೇಳಿದರು: “ಇಷ್ಟ್ ಸಣ್ಣ ರಾಜ್ಯ ಮೇಷ್ಟ್ರೇ, ಅಳ್ದು ಮುಗ್ತ್. ಸರಪಳಿ ಮಾತ್ರ ಕೈಲಿ ಉಳ್ತ್. ಏನ್ ಮಾಡ್ದು?”

ಏಳರಲ್ಲಿ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ‘ಹಿಂದುಮುಂದಿನ ಊರು’ ಎಂಬ ಕಾದಂಬರಿ. ಅವರ ಪುಸ್ತಕಗಳು ಮೈಸೂರಿನಲ್ಲಿ ಅಚ್ಚಾಗಿ, ಹೊಲಿಯದ ಫಾರಂಗಳಾಗಿಯೇ ಬಸ್ಸಿನ ಮೇಲೆ ಬರುತ್ತಿದ್ದವು. ಒಂದು ಫಾರಂ ಎಂದರೆ ಮಡಿಸಿದ ಒಂದು ದೊಡ್ಡ ಹಾಳೆ, ಹದಿನಾರು ಪುಟ, ಮೊದಲ ಪುಟದ ಅಡಿಯಲ್ಲಿ ಫಾರಂನ ಕ್ರಮಸಂಖ್ಯೆ. ವಾಚನಾಲಯದ ಪ್ರತಿಯನ್ನು ನಾನು ಪೇಟೆಯಲ್ಲಿ ರಟ್ಟು ಕಟ್ಟುವ ಮೊಯ್ದು ಕಾಕನಿಗೆ ಕೊಟ್ಟು ಹೊಲಿಸಿದೆ. ಕಾದಂಬರಿಯ ನಾಯಕ ಮದುವೆಯಾಗದ ಹುಡುಗ, ಹೊಳೆಯನ್ನು ಅಳೆಯಲು ಹೊರಟವನು. ಎಂಬತ್ತನೆಯ ಪುಟದ ಕೊನೆಯಲ್ಲಿ ಅವನು ‘ಸರಪಳಿಯ ತುದಿ ಹಿಡಿದು ನೀರಿಗಿಳಿದು ಹಿಂತಿರುಗಿ ನೋಡಿದಾಗ’ ಎಂದಿದೆ. ಎದುರು ಪುಟಕ್ಕೆ ಹೋದೆ. ‘ಮೊಮ್ಮಗಳು ಅವನ ಹೆಸರಿನಲ್ಲಿ ಎಡೆ ಇಡುತ್ತಿದ್ದಳು’ ಎಂದಿತ್ತು.

ಪುಸ್ತಕ ಮುಚ್ಚಿ ಎದ್ದು ಅಂಗಳಕ್ಕೆ ಹೋದೆ. ಒಂದು ಪುಟದಿಂದ ಎದುರು ಪುಟಕ್ಕೆ ಕಣ್ಣು ಹಾಯುವಷ್ಟರಲ್ಲಿ ಹುಡುಗನಿಗೆ ಮದುವೆಯಾಗಿ, ಮಕ್ಕಳಾಗಿ, ಸಾವೂ ಬಂದು, ಎಡೆಯ ಮುಂದೆ ದೀಪವೂ ಹತ್ತಿಬಿಟ್ಟಿತ್ತು. ನನ್ನ ಕಾಲ ಕೆಳಗಿನ ನೆಲ ಇಪ್ಪತ್ತೊಂದನೆಯ ಸರಪಳಿಯಾಯಿತು. ಕನ್ನಡದಲ್ಲಿ ಕಾಲವನ್ನು ಹೀಗೆ ಮುರಿದವರು ಯಾರಿದ್ದಾರೆ? ಮುಂದೆ ಇನ್ನೂ ಆಶ್ಚರ್ಯ. ಸತ್ತವನ ಕಥೆ ನಡೆನಡೆಯುತ್ತಲೇ ಇದ್ದಕ್ಕಿದ್ದಂತೆ ‘ದಡದ ಮೇಲೆ ಬಿಟ್ಟಿದ್ದ ಕೊಡೆ ಕಾಣಲಿಲ್ಲ’ ಎಂಬ ವಾಕ್ಯ ಬರುತ್ತದೆ. ಸತ್ತ ಮೇಲೂ ಕೊಡೆಯ ಚಿಂತೆ. ಲೌಕಿಕದ ಕೊನೆಯ ಎಳೆ ಅದು ಎಂದು ಕೊಡೆಯ ಮೇಲೆಯೇ ಹದಿನಾಲ್ಕು ಪುಟದ ಲೇಖನ ಬರೆದಿಟ್ಟೆ.

ನನ್ನ ಹೆಂಡತಿ ಜಾನಕಿ ಅದೇ ಪ್ರತಿಯನ್ನು ಓದಿ, “ರೀ, ಇದ್ರಲ್ಲಿ ಎಂಬತ್ತಾದ್ಮೇಲೆ ನೂರಿಪ್ಪತ್ತೊಂಬತ್ತು ಬಂದದೆ” ಎಂದಳು.

“ಅದೇ ಕಣೆ ಅದರ ತತ್ತ್ವ” ಎಂದೆ.

“ತತ್ತ್ವನೋ ಏನೋ. ನಮ್ಮಪ್ಪ ಆಗಿದ್ರೆ ಅಂಗಡಿಗೆ ವಾಪಸ್ ಕೊಟ್ಟು ಬರೋರು.”

ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯಗಾರರ ಮಗಳು, ಕಾಲದ ಮೀಮಾಂಸೆ ಇವಳಿಗೇನು ಗೊತ್ತು ಎಂದುಕೊಂಡೆ. ನಾನೂ ಅದೇ ಕಡೆಯ ಬೇಸಾಯಗಾರರ ಮಗ ಎಂಬುದು ಆಗ ನೆನಪಿಗೆ ಬರಲಿಲ್ಲ.

ಆಮೇಲೆ ಮೂರು ವರ್ಷ ಕೂತು ನಾನೂ ಒಂದು ಕಾದಂಬರಿ ಬರೆದೆ. ಗೋಣಿಕೊಪ್ಪಲಿನಿಂದ ನಾಪೋಕ್ಲಿಗೆ ಬಸ್ಸಿನಲ್ಲಿ ಹೋಗುವ ಒಬ್ಬ ಮೇಷ್ಟ್ರ ಆತ್ಮಶೋಧನೆ. ಬರೆಯುವುದನ್ನು ನೇರವಾಗಿಯೇ ಬರೆದೆ, ನನಗೆ ಹಾಗೆ ಮಾತ್ರ ಯೋಚಿಸಲು ಬರುತ್ತದೆ. ಬರೆದಾದ ಮೇಲೆ ಇಸ್ಪೀಟಿನ ಎಲೆಗಳನ್ನು ಕಲೆಸಿದಂತೆ ಕಲೆಸಿದೆ. ಕಲೆಸಿದ್ದನ್ನು ಓದಿ ನನಗೇ ಭಯವಾಯಿತು, ಅಷ್ಟು ಗಹನವಾಗಿತ್ತು. ಸೋಮಯ್ಯನವರ ಒಂದು ಮಾತು ಅದರ ಮೇಲೆ ಬಿದ್ದರೆ ಸಾಕು, ಮೇಷ್ಟ್ರು ಹೋಗಿ ಲೇಖಕನಾಗುತ್ತೇನೆ ಎಂದು ಅನ್ನಿಸಿತು. ಹಸ್ತಪ್ರತಿಯನ್ನೂ, ಅವರ ಸಹಿಗಾಗಿ ವಾಚನಾಲಯದ ಪ್ರತಿಯನ್ನೂ ಚೀಲಕ್ಕೆ ಹಾಕಿಕೊಂಡು ನಾಪೋಕ್ಲಿನ ಬಸ್ಸು ಹತ್ತಿದೆ. ಆ ದಿನ ಮಳೆ ಬರುತ್ತಿತ್ತು ಎಂದು ನೆನಪು ಹೇಳುತ್ತದೆ. ಕೊಡೆಯ ಲೇಖನದ ಪ್ರಭಾವವೂ ಇರಬಹುದು.

“ಬನ್ನಿ ಮೇಷ್ಟ್ರೇ, ಕುದ್ರಿ” ಎಂದರು ಸೋಮಯ್ಯನವರು. ಕಾಫಿ ಬಂತು. ನಾನು ಎಂಬತ್ತನೆಯ ಪುಟದ ಮಹಿಮೆಯನ್ನು ವರ್ಣಿಸಿದೆ, ಕೊಡೆಗೂ ಬಂದೆ. ಅವರು ಮರ್ಯಾದೆಯಿಂದ ಕೇಳುತ್ತಲೇ ಇದ್ದರು. ಮುಗಿದ ಮೇಲೆ, “ಹಂಗೆ ನಾ ಬರ್ದೇ ಇಲ್ಲೆ ಅಲ್ಲ” ಎಂದು ಕೈಚಾಚಿದರು. ಪುಸ್ತಕ ಕೊಟ್ಟೆ. ಕನ್ನಡಕ ಏರಿಸಿ, ಪುಟಗಳ ಅಡಿಯನ್ನು ಬೆರಳಿನಿಂದ ಅಳೆಯುತ್ತಾ ಹೋದರು. ಅಳೆಯುವುದು ಅವರ ಕಸುಬು. ಒಂಬತ್ತನೆಯ ಫಾರಂ ಆರರ ಜಾಗದಲ್ಲಿತ್ತು. ಆರನೆಯದು ಒಂಬತ್ತರ ಜಾಗದಲ್ಲಿ. ಹೊಲಿದವರು ಯಾರೆಂದು ಕೇಳಿದರು, ಮೊಯ್ದು ಕಾಕ ಎಂದೆ. ಹುಡುಗ ಹಿಂತಿರುಗಿ ನೋಡಿದಾಗ ನಿಜಕ್ಕೂ ಕಂಡಿದ್ದು, ಅಂದರೆ ಕಾಣದೇ ಹೋದದ್ದು, ಅವನ ಕೊಡೆ. ಯಾರೋ ಎತ್ತಿಕೊಂಡು ಹೋಗಿದ್ದರು. ಅಷ್ಟೇ.

ನನಗೆ ಕಾಫಿ ಲೋಟದೊಳಗೆ ಇಳಿದುಬಿಡಬೇಕೆನಿಸಿತು. ಸೋಮಯ್ಯನವರು ಮಾತ್ರ ನಗಲಿಲ್ಲ. ಎಂಬತ್ತನೆಯ ಪುಟದ ಕೊನೆ, ಅದರ ಎದುರು ಪುಟದ ಮೊದಲು, ಎರಡನ್ನೂ ಕೂಡಿಸಿ ಮತ್ತೆ ಓದಿದರು, ಮೂರನೆಯ ಸಲ ತುಟಿ ಅಲ್ಲಾಡಿಸದೆ ಓದಿದರು. ತಲೆ ಎತ್ತಿ ಕಿಟಕಿಯಾಚೆ ಗದ್ದೆಗಳ ಕಡೆ ನೋಡಿದರು. ಆ ಮುಖವನ್ನು ನಾನು ಮರೆತಿಲ್ಲ. ಇದೊಂದು ನೆನಪನ್ನು ನಾನು ಅನುಮಾನಿಸುವುದೂ ಇಲ್ಲ. ತಾನೇ ಅಳೆದು ಗುರುತಿಟ್ಟ ನೆಲದಲ್ಲಿ ಗೊತ್ತಿಲ್ಲದ ಒಂದು ಸರಪಳಿ ಸಿಕ್ಕಿದವನ ಮುಖ ಅದು.

“ಈ ವಾಕ್ಯಕ್ಕೆ ನಾ ಏಳು ಪುಸ್ತಕ ಹುಡ್ಕಿದೆ ಮೇಷ್ಟ್ರೇ. ಕಾಕಂಗೆ ಸಿಕ್ತ್” ಎಂದರು. ಆ ಪ್ರತಿಯನ್ನು ತಾವಿಟ್ಟುಕೊಂಡು, ತಮ್ಮಲ್ಲಿದ್ದ ನೇರವಾದ ಪ್ರತಿಯನ್ನು ನನಗೆ ಕೊಟ್ಟರು. ನನ್ನ ಹಸ್ತಪ್ರತಿಯನ್ನು ಕೈಯಲ್ಲಿ ತೂಗಿ ನೋಡಿ, ಕಲೆಸಿದ ಕ್ರಮವನ್ನು ನಾನು ವಿವರಿಸಿದ ಮೇಲೆ, “ನೇರ ಹೊಲ್ದರೂ ನಿಲ್ಲೊಕು” ಎಂದರು. ನೇರ ಹೊಲಿದರೂ ಅದು ನಿಲ್ಲಬೇಕು ಎಂದು. “ಪುಸ್ತಕ ಆಗಿ ಬರ್ಲಿ, ಓದಿ ಹೇಳ್ನೆ” ಎಂದು ಬಸ್ಸಿನವರೆಗೂ ಬಂದು ಬಿಟ್ಟುಹೋದರು.

ಆ ರಾತ್ರಿ ನೇರ ಪ್ರತಿಯನ್ನು ಮತ್ತೆ ಮೊದಲಿನಿಂದ ಓದಿದೆ. ಕೊಡೆ ಕಳೆದುಹೋದದ್ದಷ್ಟೇ ಎಂದುಕೊಂಡಿದ್ದೆನಲ್ಲ, ಆ ಕೊಡೆಯನ್ನು ಹುಡುಕುತ್ತಾ ಹುಡುಗ ಒಂದೊಂದೇ ಮನೆಯ ಬಾಗಿಲು ತಟ್ಟುತ್ತಾನೆ, ಒಂದೊಂದು ಮನೆಯಲ್ಲೂ ಅವನಿಗೆ ಒಂದೊಂದು ವಯಸ್ಸು. ಕೊನೆಯ ಮನೆಯ ಬಾಗಿಲು ತೆರೆದವಳು ಮೊಮ್ಮಗಳು. ಅಲ್ಲಿಯೂ ನಾನು ಪುಸ್ತಕ ಮುಚ್ಚಿ ಅಂಗಳಕ್ಕೆ ಹೋದೆ. ಅವರದನ್ನು ಹೇಗೆ ಹೊಲಿದರೂ ನನಗೆ ಅಂಗಳವೇ ಗತಿ.

ಮೊಯ್ದು ಕಾಕನಿಗೆ ಸಂಗತಿ ತಿಳಿಸಿದಾಗ ಅವರ ಮುಖ ಸಣ್ಣದಾಯಿತು. “ಮಾತಾಡ್ಲಿಕ್ಕೆ ಕನ್ನಡ ಬರ್ತದೆ ಮೇಷ್ಟ್ರೇ, ಓದ್ಲಿಕ್ಕೆ ಬರೂದಿಲ್ಲ. ಅಂಕಿ ನೋಡಿಯೇ ಅಲ್ವಾ ನಾನು ಹೊಲಿಯೂದು? ನಿಮ್ಮ ಈ ಆರು, ಒಂಬತ್ತು ಒಂದೇ ಉಮ್ಮನ ಮಕ್ಕಳ ಹಾಗೆ ಉಂಟು. ಬಾಲ ಮಾತ್ರ ಬೇರೆ ಕಡೆ.” ನಾನು ಕಪ್ಪುಹಲಗೆಯ ಮುಂದೆ ಇಪ್ಪತ್ತು ವರ್ಷ ನಿಂತವನು, ಆ ಎರಡು ಅಂಕಿಗಳ ಬಾಲ ಯಾವ ಕಡೆ ಎಂದು ತಟ್ಟನೆ ಹೇಳಲು ನನಗೂ ಬರಲಿಲ್ಲ. ರಟ್ಟಿನ ಚೂರಿನ ಮೇಲೆ ಒಂದರಿಂದ ಹತ್ತರವರೆಗೆ ದಪ್ಪಗೆ ಬರೆಸಿಕೊಂಡು ಅವರು ಅದನ್ನು ಗೋಡೆಗೆ ಮೊಳೆ ಹೊಡೆದು ಹಾಕಿದರು.

ನನ್ನ ಕಾದಂಬರಿ ಅಚ್ಚಾಗಿ ಫಾರಂಗಳು ಬಂದವು. ಅಚ್ಚನ್ನೂ ಪುಟಸಂಖ್ಯೆಯನ್ನೂ ನೇರವಾಗಿಯೇ ಹಾಕಿಸಿದ್ದೆ, ಹೊಲಿಗೆಯಲ್ಲಿ ಮಾತ್ರ ಕಲೆಸಬೇಕಿತ್ತು. ಎಂಬತ್ತಾದ ಮೇಲೆ ನೂರಿಪ್ಪತ್ತೊಂಬತ್ತು ಕಂಡು ಓದುಗರೂ ಅಂಗಳಕ್ಕೆ ಹೋಗಲಿ ಎಂಬ ಆಸೆ. ಕಾಕ ಊಟಕ್ಕೆ ಹೋಗಿದ್ದರು. ಫಾರಂಗಳನ್ನು ನನಗೆ ಬೇಕಾದ ಹಾಗೆ ಕಲೆಸಿ ಜೋಡಿಸಿ, ಯಾವ ಫಾರಂ ಆದ ಮೇಲೆ ಯಾವುದು, ಯಾಕೆ ಹಾಗೆ, ಎಲ್ಲವನ್ನೂ ಅಚ್ಚುಕಟ್ಟಾದ ಕನ್ನಡದಲ್ಲಿ ಚೀಟಿ ಬರೆದು ಕಟ್ಟಿನ ಮೇಲಿಟ್ಟು ಬಂದೆ.

ವಾರದ ನಂತರ ಅವರೇ ಕಟ್ಟು ಹೊತ್ತು ಮನೆಗೆ ಬಂದರು. “ಹಾಳೆ ಎಲ್ಲ ಕಲಸಿ ಹೋಗಿತ್ತು ಮೇಷ್ಟ್ರೇ, ಪ್ರೆಸ್ಸಿನವರಿಗೆ ಬುದ್ಧಿ ಇಲ್ಲ. ಗೋಡೆ ನೋಡಿ ನೋಡಿ ಸರಿ ಮಾಡಿದ್ದೇನೆ. ಒಂದು ಆರು, ಒಂದು ಒಂಬತ್ತು ತಪ್ಪಿದ್ರೆ ನನ್ನ ಕೈ ಕಡೀರಿ.” ಚೀಟಿಯನ್ನೂ ಜೋಪಾನವಾಗಿ ವಾಪಸು ಕೊಟ್ಟರು. ಆ ಮುಖದ ಸಂತೋಷ ನೋಡಿ ನಾನು ಚೀಟಿಯನ್ನು ಜೇಬಿಗೆ ತುರುಕಿ ಹೊಲಿಗೆಯ ಕೂಲಿ ಎಣಿಸಿಕೊಟ್ಟೆ.

ಜಾನಕಿ ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಿದಳು. “ಚೆಂದಾಗದೆ. ಬಸ್ ಹತ್ತಿದ, ಬಸ್ ಇಳ್ದ. ಎಲ್ಲ ಅರ್ಥ ಆಯ್ತದೆ” ಎಂದಳು.

ನಡೆದದ್ದನ್ನೆಲ್ಲ ಬರೆದ ಒಂದು ಕಾಗದದ ಜೊತೆ ನಾಪೋಕ್ಲಿಗೂ ಒಂದು ಪ್ರತಿ ಕಳಿಸಿದ್ದೆ. ತಿಂಗಳಾದ ಮೇಲೆ ಕಾರ್ಡು ಬಂತು, ಮೋಜಣಿಯ ಪುಸ್ತಕದಲ್ಲಿ ಬರೆಯುವಂಥ ಸಣ್ಣ ಅಕ್ಷರ. ‘ಪುಸ್ತಕ ತಲುಪಿತು, ಪೂರ್ತಿ ಓದಿದೆ. ಕಾಕನಿಗೆ ಅಂಕಿ ಬಾರದಿದ್ದಾಗ ನನ್ನದನ್ನು ಹೊಲಿದರು, ಕಲಿತ ಮೇಲೆ ನಿಮ್ಮದನ್ನು ಹೊಲಿದರು. ನನ್ನ ಅದೃಷ್ಟ ದೊಡ್ಡದು.’ ನನ್ನ ಕಾದಂಬರಿಯ ಬಗ್ಗೆ ಅವರ ಮಾತು ಅಷ್ಟೇ. ಕಾರ್ಡಿಗೆ ಗಾಜಿನ ಕಟ್ಟು ಹಾಕಿಸಬೇಕೆಂದಿದ್ದೆ, ಬೇಡವೆನಿಸಿತು.

ಈ ಬರಹದ ಹಾಳೆಗಳನ್ನು ಪತ್ರಿಕೆಗೆ ಕಳಿಸುವಾಗ ನಾನು ಸಂಖ್ಯೆ ಹಾಕಿಲ್ಲ. ದಾರಿಯಲ್ಲಿ ದಾರ ಬಿಚ್ಚಿಹೋಗಿ, ಸಂಪಾದಕರು ತಮಗೆ ತೋಚಿದಂತೆ ಜೋಡಿಸಿಕೊಂಡರೆ ಏನಾದರೂ ಆಗಬಹುದು. ನಿಮಗೆ ಇದು ನೇರವಾಗಿ ಓದಿಸಿಕೊಂಡು ಹೋಗಿದ್ದರೆ, ಅಂಚೆಗೆ ಹಾಕುವ ಮೊದಲು ಜಾನಕಿಯ ಕೈಗೆ ಸಿಕ್ಕಿತ್ತು ಎಂದು ತಿಳಿಯಿರಿ.