ಮುಂದಿನ ಚಕ್ರ ನೆಲ ಮುಟ್ಟಬಾರದು

ಬೆಳಗ್ಗೆ ಕೀಲಿ ತಿರುಗಿಸಿದರೆ ಕಾರು ಗೊರಗೊರ ಅಂದಿತೇ ಹೊರತು ಹೊರಡಲಿಲ್ಲ. ಇನ್ನೊಮ್ಮೆ ತಿರುಗಿಸಿದರೆ, ಎಬ್ಬಿಸಿದಾಗ ಮಗ್ಗುಲು ಬದಲಿಸುವ ಮಗುವಿನಂತೆ ಇನ್ನಷ್ಟು ಗೊರಗುಟ್ಟಿ ಸುಮ್ಮನಾಯಿತು.

ಕಾರಿನ ಒಡೆಯರು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಮಾತಾಡುವವರನ್ನು ನಡುವೆ ನಿಲ್ಲಿಸಿ ತಿದ್ದುವ ಚಾಳಿ ಅವರಿಗೆ. ಅದಕ್ಕೇ ಬೀದಿಯವರು ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಪೂರ್ಣವಿರಾಮ ಅನ್ನಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದರು.

ಕಾರು ಪುಟ್ಟದು, ಹಳೆಯದು. ಆದರೆ ತಾನೇ ಗೇರ್ ಬದಲಿಸಿಕೊಳ್ಳುವ ಕಾರು ಆ ಬೀದಿಯಲ್ಲಿ ಅದೊಂದೇ. ಅವರ ಹೆಂಡತಿಗೆ ಎಡ ಮೊಣಕಾಲು ಸರಿಯಾಗಿ ಮಡಚಲು ಬರುವುದಿಲ್ಲ, ಕ್ಲಚ್ ತುಳಿಯಲಾಗುವುದಿಲ್ಲ. ಅವರಿಗಾಗಿಯೇ ಹುಡುಕಿ ಹುಡುಕಿ ಕೊಂಡ ಕಾರು. ಹಾಸಿಗೆ ಬಿಟ್ಟು ಏಳಲಾರದವರ ಮನೆಗೆ ಬೆಳಗಿನ ಜಾವ ಹೋಗಿ, ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವುದು ಆಕೆಯ ಉದ್ಯೋಗ. ಸೂಜಿ ಹಿಡಿಯುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವ ಆಕೆಯನ್ನೇ ಕಳಿಸಿ ಎಂದು ಕೇಳುವ ರೋಗಿಗಳು ಎಷ್ಟೋ ಮಂದಿ. ಅಂದು ಆಕೆಗೆ ರಜೆ. ನಾಳೆ ಬೆಳಕು ಹರಿಯುವ ಮೊದಲೇ ಕಾರು ಬೇಕು.

ಮೆಕ್ಯಾನಿಕ್‌ಗೆ ಫೋನು ಹೋಯಿತು.

"ಇವತ್ತು ನಾನೊಬ್ನೇ ಸಾರ್, ಶೆಡ್ ಬಿಟ್ಟು ಬರಕ್ಕಾಗಲ್ಲ. ಸಂಜೆಯೊಳಗೆ ಹೇಗಾದ್ರೂ ತಂದ್ಬಿಡಿ. ಆದ್ರೆ ಗೇರ್‌ಬಾಕ್ಸ್ ಜೋಪಾನ! ಅದೊಂದು ಹೋದ್ರೆ ಕಾರು ಗುಜರಿಗೇ."

ಫೋನು ಇಡುವಷ್ಟರಲ್ಲಿ ಬೀದಿಗೆ ಬೀದಿಯೇ ಕಾರಿನ ಸುತ್ತ ನೆರೆದಿತ್ತು. ಎಲ್ಲರಿಗಿಂತ ಮುಂದೆ ಎದುರುಮನೆಯ ಡ್ರೈವರ್ ಮಾವ. ಬಸ್ಸು ಓಡಿಸಿ ನಿವೃತ್ತರಾದವರು. ಹೆಗಲ ಮೇಲೆ ಹಗ್ಗ.

"ಇದಕ್ಯಾಕಪ್ಪ ಇಷ್ಟು ತಲೆಬಿಸಿ? ನ್ಯೂಟ್ರಲ್‌ಗೆ ಹಾಕು, ಕಟ್ಟು, ಎಳಿ! ನಾನು ಬಸ್ಸನ್ನೇ ಎಳ್ಸಿದೀನಿ."

"ನಿಮ್ಮ ಬಸ್ಸಿನ ಗೇರು ಬೇರೆ, ಮಾವ," ಎಂದರು ಅಲ್ಪವಿರಾಮ. "ಇದರ ಗೇರ್‌ಬಾಕ್ಸ್ ಒಳಗೆ ಎಣ್ಣೆ ಹರೀಬೇಕಾದ್ರೆ ಇಂಜಿನ್ ಓಡ್ತಿರ್ಬೇಕು. ಇಂಜಿನ್ ನಿಂತಾಗ ಮುಂದಿನ ಚಕ್ರ ರಸ್ತೆ ಮೇಲೆ ಉರುಳಿದ್ರೆ ಒಳಗೆಲ್ಲ ಒಣಗಿ ಸವೆದುಹೋಗುತ್ತೆ. ಮುಂದಿನ ಚಕ್ರ ನೆಲ ಮುಟ್ಟಬಾರದು. ಪುಸ್ತಕದಲ್ಲೇ ಇದೆ."

"ಪುಸ್ತಕ ಓದಿ ಕಾರು ಎಳೆಯೋನನ್ನ ಇವತ್ತೇ ನೋಡಿದ್ದು!"

ಕಾರಿನ ಜೊತೆ ಬಂದ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ಲೋಕದಲ್ಲಿ ಅವರೊಬ್ಬರೇ ಇರಬೇಕು. ಓದುತ್ತಾ ಕೆಂಪು ಶಾಯಿಯಲ್ಲಿ ತಪ್ಪುಗಳನ್ನೂ ತಿದ್ದಿದ್ದರು.

ಸಿಮೆಂಟು ಕಲಸುವ ಯಂತ್ರ ಸಾಗಿಸಲೆಂದು ಮಾಡಿಕೊಂಡಿದ್ದ ಎರಡು ಗಾಲಿಯ ಟ್ರಾಲಿಯನ್ನು ಮೂಲೆಮನೆಯ ವೆಲ್ಡರ್, ಕೇಳುವ ಮೊದಲೇ ಉರುಳಿಸಿಕೊಂಡು ಬಂದ. ಎಳೆಯಲು ವ್ಯಾನು ಕೊಟ್ಟವನು ಬ್ರೆಡ್ ಅಣ್ಣ. ಅಂಗಡಿ ಅಂಗಡಿಗೆ ಬ್ರೆಡ್ ಹಾಕುವವನು.

"ಸಂಜೆ ಬ್ರೆಡ್ ಹಾಕಕ್ಕೆ ಹೋಗೋ ದಾರೀಲೇ ಶೆಡ್ಡು, ಸಾರ್. ಟ್ರೇ ಎಲ್ಲ ತುಂಬ್ಕೊಂಡೇ ಬರ್ತೀನಿ. ನೀವೇನೂ ಸಂಕೋಚ ಮಾಡ್ಕೋಬೇಡಿ."

ಮುಂದಿನ ಚಕ್ರ ಟ್ರಾಲಿ ಹತ್ತಿಸುವ ಕೆಲಸ ಮಧ್ಯಾಹ್ನವನ್ನೆಲ್ಲ ನುಂಗಿತು. ಮೊದಲನೆಯ ಸಲ ಹಲಗೆ ಮುರಿಯಿತು. ಎರಡನೆಯ ಸಲ ಟ್ರಾಲಿಯೇ ಕಾರನ್ನು ಬಿಟ್ಟು ಓಡಿಹೋಗಿ ಯಾರದೋ ಹೂಕುಂಡಕ್ಕೆ ಮುತ್ತಿಟ್ಟಿತು. ಸಹಾಯಕ್ಕೆಂದು ಕಾರಿನೊಳಗೆ ಕುಳಿತ ಡ್ರೈವರ್ ಮಾವ, ಎಲ್ಲರೂ ಉಸಿರು ಬಿಗಿಹಿಡಿದು ತಳ್ಳುತ್ತಿದ್ದಾಗಲೇ ಹಾರ್ನ್ ಒತ್ತಿದರು; ವೆಲ್ಡರ್ ಹೌಹಾರಿ ಮಣ್ಣಿನಲ್ಲಿ ಕುಳಿತುಬಿಟ್ಟ. ಮೂರನೆಯ ಸಲ ಹತ್ತಿತು. ಚಕ್ರವನ್ನು ಟ್ರಾಲಿಗೆ ಬಿಗಿದ ಪಟ್ಟಿ ಉಜ್ಜಬಾರದೆಂದು ಹೆಂಡತಿ ತನ್ನ ಹಳೆಯ ಶಾಲನ್ನು ಮಡಿಸಿ ಇಟ್ಟರು. ಅಲ್ಪವಿರಾಮ ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ ಎಂದು ನೋಡಿದರು. ಒಂದು ಸುತ್ತು ಬಂದು, ಮತ್ತೆ ನೋಡಿದರು.

"ಒಂದೇ ಮಾತು, ಅಣ್ಣ. ಅವಸರ ಕೂಡದು. ನಾನು ಪಕ್ಕದಲ್ಲೇ ನಡ್ಕೊಂಡು ಬರ್ತೀನಿ. ನನ್ನ ನಡಿಗೆಗಿಂತ ಒಂಚೂರೂ ಜೋರಾಗಿ ಹೋಗ್ಬೇಡಿ."

"ಅಷ್ಟು ನಿಧಾನಕ್ಕೆ ಫಸ್ಟ್ ಗೇರೂ ಒಪ್ಪಲ್ಲ, ಸಾರ್. ಕ್ಲಚ್ ಅರ್ಧ ಒತ್ಕೊಂಡೇ ಇರ್ಬೇಕಾಗುತ್ತೆ."

"ಒತ್ಕೊಂಡೇ ಇರಿ. ನಿಮ್ಮಿಂದ ದೊಡ್ಡ ಉಪಕಾರ."

ಹೀಗೆ ಹೊರಟಿತು ಸವಾರಿ. ಮುಂದೆ ಬ್ರೆಡ್ಡಿನ ವ್ಯಾನು, ಅದರಲ್ಲಿ ಬ್ರೆಡ್ ಅಣ್ಣನ ಪಕ್ಕ ಹೆಂಡತಿ. ಹಿಂದೆ, ಮುಂಗಾಲೆತ್ತಿ ನಿಂತ ಮುದ್ದಿನ ನಾಯಿಯಂತೆ ಕಾರು. ಪಕ್ಕದಲ್ಲಿ ಒಂದು ಕೈ ಎತ್ತಿಕೊಂಡು ಅಲ್ಪವಿರಾಮ. ಹಿಂದಿನ ವಾಹನಗಳನ್ನು ಗದರಿಸುತ್ತಾ ಡ್ರೈವರ್ ಮಾವ. ಸೈಕಲ್ಲಿನವರು ದಾಟಿ ಹೋದರು. ಕೋಲೂರಿಕೊಂಡು ಬರುತ್ತಿದ್ದ ಮುದುಕರೊಬ್ಬರೂ ದಾಟಿ ಹೋಗಿ, ಪಾಪ ಅನಿಸಿತೋ ಏನೋ, ತಿರುಗಿ ನಿಂತು ದಾರಿ ಬಿಟ್ಟರು. ಬಾಗಿಲಲ್ಲಿ ನಿಂತವರು ಕೈಬೀಸಿದರು. ಅಲ್ಪವಿರಾಮ ಜನ್ಮದಲ್ಲಿ ಇಷ್ಟು ಎದೆಯುಬ್ಬಿಸಿ ನಡೆದಿರಲಿಲ್ಲ.

ಏರಿನಲ್ಲಿ ಏನೋ ಸುಟ್ಟ ವಾಸನೆ ಬಂತು. ಅವರ ಜೀವ ಬಾಯಿಗೆ ಬಂತು. ಬಗ್ಗಿ ತಮ್ಮ ಕಾರಿನ ನಾಲ್ಕೂ ಚಕ್ರ ಮೂಸಿದರು. "ನಮ್ಮದಲ್ಲ!" ಎಂದು ನಿಟ್ಟುಸಿರು ಬಿಟ್ಟರು.

"ಯಾರೋ ಕಸ ಸುಡ್ತಿದಾರೆ, ನಡಿ ನಡಿ," ಎಂದರು ಡ್ರೈವರ್ ಮಾವ.

ವ್ಯಾನಿನೊಳಗೆ ಬ್ರೆಡ್ ಅಣ್ಣ ಬೆವರು ಒರೆಸಿಕೊಂಡ. ಕ್ಲಚ್ ಮೇಲಿನ ಕಾಲು ತೆಗೆಯಲಿಲ್ಲ.

ಶೆಡ್ಡು ಸಿಕ್ಕಿದಾಗ ಬಿಸಿಲು ಇಳಿದಿತ್ತು. ಮೆಕ್ಯಾನಿಕ್ ಕಾರನ್ನು ಟ್ರಾಲಿಯಿಂದ ಇಳಿಸಿಕೊಂಡ. ಬಾನೆಟ್ ಎತ್ತಿ ಅಲ್ಲಿ ತಟ್ಟಿ ಇಲ್ಲಿ ಮುಟ್ಟಿ, ಉಗುರಿನಷ್ಟು ಗಾತ್ರದ ಫ್ಯೂಸೊಂದನ್ನು ಕಿತ್ತು ಬೇರೆ ಹಾಕಿದ. ಕೀಲಿ ತಿರುಗಿಸಿದ. ಕಾರು ಹೊರಟೇಬಿಟ್ಟಿತು. ಹಿಂದೆ ಮುಂದೆ ಓಡಿಸಿ ನೋಡಿದ. ಗೇರು ರೇಷ್ಮೆಯ ಹಾಗೆ ಜಾರಿತು.

"ಹದಿನೈದು ವರ್ಷದಿಂದ ಶೆಡ್ ಇಟ್ಕೊಂಡಿದೀನಿ ಸಾರ್. ಇಷ್ಟು ಜೋಪಾನವಾಗಿ ಕಾರು ತಂದೋರನ್ನ ನೋಡೇ ಇಲ್ಲ!"

ಅಲ್ಪವಿರಾಮ ಹೆಂಡತಿಯ ಕಡೆ ನೋಡಿದರು. ಆಕೆ ಕಣ್ಣಲ್ಲೇ ಶಭಾಶ್ ಅಂದರು. ಡ್ರೈವರ್ ಮಾವ ಕೂಡ, "ಓದಿದ್ದು ದಂಡ ಆಗ್ಲಿಲ್ಲ ಬಿಡು," ಎಂದು ಬೆನ್ನು ತಟ್ಟಿದರು.

"ಸರಿ ಸಾರ್, ನಾನಿನ್ನು ಬರ್ತೀನಿ," ಎಂದು ಬ್ರೆಡ್ ಅಣ್ಣ ವ್ಯಾನು ಹತ್ತಿದ. ಇಂಜಿನ್ ಭೋರೆಂದಿತು. ವ್ಯಾನು ಕದಲಲಿಲ್ಲ. ಗೇರು ಹಾಕಿ ಮತ್ತೆ ಒತ್ತಿದ. ಹೊಗೆ ಬಂತು, ವ್ಯಾನು ಬರಲಿಲ್ಲ.

ಮೆಕ್ಯಾನಿಕ್ ಮೂಗು ಅರಳಿಸಿದ. "ಕ್ಲಚ್ ಪೂರ್ತಿ ಸುಟ್ಟೋಗಿದೆ. ಇದನ್ನ ಯಾರು ಹೀಗೆ ಅರ್ಧ ಒತ್ಕೊಂಡೇ ಓಡ್ಸಿದ್ದು? ಇದರ ಪ್ಲೇಟ್ ನನ್ಹತ್ರ ಇಲ್ಲ, ತರ್ಸ್ಬೇಕು."

"ವಾಸನೆ ನನಗೂ ಬಂತು," ಎಂದರು ಹೆಂಡತಿ. "ಬ್ರೆಡ್ ಸೀದಿದೆ ಅಂದ್ಕೊಂಡೆ."

"ಇರ್ಲಿ ಬಿಡಿ," ಎಂದ ಬ್ರೆಡ್ ಅಣ್ಣ. "ನಿಮ್ಮ ಕೆಲ್ಸ ಆಯ್ತಲ್ಲ. ಆಸ್ಪತ್ರೆಯೋರು, ಹಾಸ್ಟೆಲಿನೋರು ಬ್ರೆಡ್ಡಿಗೆ ಕಾಯ್ತಿರ್ತಾರೆ, ಅದೊಂದೇ ಯೋಚ್ನೆ." ಅವನು ಯಾರನ್ನೂ ದೂರಲಿಲ್ಲ. ದೂರಿದ್ದರೆ ಅಲ್ಪವಿರಾಮರಿಗೆ ಎಷ್ಟೋ ಹಗುರವಾಗುತ್ತಿತ್ತು.

ಟ್ರೇಗಳನ್ನು ಕಾರಿಗೆ ತುಂಬೋಣವೆಂದು ಅವರೇ ಎತ್ತಿಕೊಂಡು ಹೋದರು. ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು. ಒಂದು ಟ್ರೇ ಕೂಡ ಬಾಗಿಲಲ್ಲಿ ತೂರಲಿಲ್ಲ.

"ಅದಕ್ಯಾಕೆ ಒದ್ದಾಡ್ತೀರಿ?" ಎಂದರು ಹೆಂಡತಿ, ಆಗಲೇ ಸ್ಟೀರಿಂಗ್ ಹಿಂದೆ ಕುಳಿತು. "ಅಣ್ಣ ಬೆಳಿಗ್ಗೆಯಿಂದ ನಮಗೋಸ್ಕರ ದುಡಿದಿದಾರೆ. ವ್ಯಾನನ್ನ ಹಿಂದೆ ಕಟ್ಟಿ. ಅಂಗಡಿ ಅಂಗಡಿಗೂ ನಾನೇ ಎಳ್ಕೊಂಡ್ ಹೋಗ್ತೀನಿ."

ಮೆಕ್ಯಾನಿಕ್ ಗಾಬರಿಯಿಂದ, "ಅಕ್ಕ, ಈ ಗೇರ್‌ಬಾಕ್ಸಿಗೆ..." ಎಂದು ಬಾಯಿ ತೆರೆದ. ಅಲ್ಪವಿರಾಮ ಬೆರಳೆತ್ತಿ ಅವನನ್ನು ನಡುವೆಯೇ ನಿಲ್ಲಿಸಿದರು.

"ನಮ್ಮ ಕಾರಿಗೇನೂ ಆಗಲ್ಲ, ಅಲ್ವೇನ್ರೀ?" ಎಂದು ಹೆಂಡತಿ ಕೇಳಿದರು.

ಇಷ್ಟು ಪುಟ್ಟ ಕಾರು ಅಷ್ಟು ಭಾರ ಎಳೆದರೆ ಏನಾಗುತ್ತದೆಂದು ಅಲ್ಲಿ ನಿಂತವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ. ಹೆಂಡತಿಯ ಮುಖದಲ್ಲಿ, ಇವತ್ತು ನಮ್ಮ ಕಾರೂ ಒಬ್ಬರಿಗೆ ಉಪಯೋಗಕ್ಕೆ ಬಂತಲ್ಲ ಎಂಬ ಹೆಮ್ಮೆ ಬೆಳಗುತ್ತಿತ್ತು.

"ಏನೂ ಆಗಲ್ಲ," ಎಂದರು ಅಲ್ಪವಿರಾಮ. ಡ್ರೈವರ್ ಮಾವನ ಹಗ್ಗದ ಗಂಟನ್ನು ತಾವೇ ಬಿಗಿದು ಬಂದು ಆಕೆಯ ಪಕ್ಕ ಕುಳಿತರು.

ಕಾರು ನಡುಗಿತು, ತುಯ್ದಿತು, ಹೊರಟಿತು. ಹಿಂದಿನಿಂದ ಬ್ರೆಡ್ ಅಣ್ಣ ಸಂತೋಷಕ್ಕೆ ಕೈಬೀಸಿದ. ಡ್ರೈವರ್ ಮಾವ ಚಪ್ಪಾಳೆ ತಟ್ಟಿದರು. ಅಲ್ಪವಿರಾಮ ಕತ್ತೆತ್ತಿ ರಾಜನಂತೆ ಕುಳಿತರು. ಅವರ ಪಾದದಡಿಯಲ್ಲಿ ಗೇರ್‌ಬಾಕ್ಸು ಜೀವಮಾನದಲ್ಲೇ ಮೊದಲ ಸಲ 'ಕಟಕ್' ಎಂದಿತು.

"ಏನ್ರೀ ಅದು ಸದ್ದು?"

"ನನ್ನ ಮೊಣಕಾಲು," ಎಂದರು ಅಲ್ಪವಿರಾಮ.