ಷಡ್ಡಕರ ಉಳಿತಾಯ, ನನ್ನ ಹೊಟ್ಟೆಯುರಿ

ನನ್ನ ಷಡ್ಡಕರು ಜಿಪುಣರಲ್ಲ. ಜಿಪುಣರಾಗಿದ್ದರೆ ನನಗೆ ಎಷ್ಟೋ ನೆಮ್ಮದಿ ಇರುತ್ತಿತ್ತು. ಜಿಪುಣರನ್ನು ಕಂಡು ಬೆನ್ನ ಹಿಂದೆ ನಗಬಹುದು. ಮದುವೆ ಊಟದ ಪಂಕ್ತಿಯಲ್ಲಿ ಅವರ ಕತೆ ಹೇಳಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಬಹುದು. ಇವರು ಕಡಿಮೆ ಖರ್ಚು ಮಾಡುವುದಲ್ಲದೆ ಖುಷಿಯಾಗಿ ಬೇರೆ ಇರುತ್ತಾರೆ. ಸಹಿಸುವುದು ಹೇಗೆ ಹೇಳಿ?

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ವಯಸ್ಸಿನಲ್ಲಿ ಹಿರಿಯರು, ಹಾಗಾಗಿ ಹೆಂಡತಿಯಂತೆ ನಾನೂ ‘ಭಾವ’ ಎಂದೇ ಕರೆಯುವುದು. ಅವರದು ಬೈಂದೂರಿನಲ್ಲಿ ಜೆರಾಕ್ಸ್ ಅಂಗಡಿ, ನನ್ನದು ಕುಂದಾಪುರದಲ್ಲಿ ಮೊಬೈಲ್ ಅಂಗಡಿ. ಸಂಪಾದನೆ ಹೆಚ್ಚುಕಮ್ಮಿ ಒಂದೇ. ಕೂದಲೆಳೆಯಷ್ಟು ನನ್ನದೇ ಹೆಚ್ಚಿದ್ದರೂ ಇರಬಹುದು. ಆದರೆ ತಿಂಗಳ ಕೊನೆಯಲ್ಲಿ ಅವರ ಮುಖದ ಮೇಲಿರುವ ಕಳೆ ನನ್ನ ಮುಖದ ಮೇಲೆ ತಿಂಗಳ ಮೊದಲ ದಿನವೂ ಇರುವುದಿಲ್ಲ. ಇದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ಗಮನಿಸಿ ಸುಮ್ಮನಿರುವ ಜಾತಿಯವಳಲ್ಲ ಅವಳು.

ನಾನು ಕಂತಿನಲ್ಲಿ ಗೋಡೆಯಗಲದ ಟಿವಿ ತಂದ ದಿನ ಅವಳು ಟಿವಿಯ ಕಡೆ ತಿರುಗಿಯೂ ನೋಡಲಿಲ್ಲ.

“ಭಾವ ಆಗಿದ್ರ್ ತತ್ತಿರ್ಲಿಲ್ಲ” ಎಂದಳು.

ಆಮೇಲೆ ನಾನು ಏನು ತಂದರೂ ಇದೇ ಮಾತು. ಕೊನೆಗೊಂದು ದಿನ ತೀರ್ಪೇ ಬಂತು. “ಆಯ್ತವಾರ ಅಕ್ಕನ್ ಮನಿಗೆ ಹ್ವಾಪ. ಅವ್ರ್ ಹ್ಯಾಂಗ್ ಮಾಡ್ತ್ರ್ ಅಂದ್ ಕಂಡ್ಕಂಡ್ ಬಪ್ಪ. ನಮ್ಗೂ ಒಂಚೂರ್ ಉಳ್ಸುಕೆ ಕಲ್ತ್ಕಣ್ಕ್.”

ಹೀಗೆ ನಲವತ್ತು ದಾಟಿದ ನಾನು ಉಳಿತಾಯದ ಒಂದನೇ ಕ್ಲಾಸಿಗೆ ಸೇರಲು ಭಾವನ ಮನೆಯಿರುವ ಶಿರೂರಿಗೆ ಹೊರಟೆ.

ಮೊದಲ ಪಾಠ ಮೀನು ಮಾರ್ಕೆಟ್ಟಿನಲ್ಲಿ. ನಾನು ಬೆಳಿಗ್ಗೆಯೇ ಚೀಲ ಹಿಡಿದು ಸಿದ್ಧನಾಗಿದ್ದೆ. ಭಾವ ಹೊರಟದ್ದು ಮಧ್ಯಾಹ್ನಕ್ಕೆ ಹತ್ತಿರ, ಮೀನಿನ ಹೆಂಗಸರು ಬುಟ್ಟಿ ಎತ್ತುವ ಹೊತ್ತಿಗೆ. ಒಬ್ಬ ಅಜ್ಜಿಯ ಮುಂದೆ ಹೋಗಿ ನಿಂತರು.

“ಎಂತ ಉಳ್ದಿತ್ತ್?”

“ಬಂಗ್ಡಿ ಒಂದಿಷ್ಟ್ ಇತ್ತ್ ಕಾಣಿ.”

“ಅದೇ ಹಾಕಿ.”

ಅಷ್ಟೇ. ಚೌಕಾಸಿ ಇಲ್ಲ, ಕಿವಿರು ಎತ್ತಿ ನೋಡುವುದಿಲ್ಲ. ಅಜ್ಜಿ ಬಂಗುಡೆಯ ಮೇಲೆ ಒಂದು ಮುಷ್ಟಿ ಸಿಗಡಿ ಸುಮ್ಮನೆ ಹಾಕಿದಳು. ನಾನೂ ಪಕ್ಕದ ಬುಟ್ಟಿಗೆ ಹೋಗಿ, ಉಳಿದಿದ್ದ ಒಂದೇ ಒಂದು ಅಂಜಲ್ ಮೀನಿಗೆ ಚೌಕಾಸಿ ಶುರು ಮಾಡಿದೆ. ಎಷ್ಟು ಜಗ್ಗಿದೆನೆಂದರೆ ಆಕೆ ಮೀನಿನ ಮೇಲೆ ಗೋಣಿ ಎಳೆದುಬಿಟ್ಟಳು.

“ಹ್ವಾಯ್, ನೀವ್ ಇದ್ರದ್ದ್ ಫೋಟೋ ತೆಗ್ದ್ಕಂಡ್ ಹೋಯ್ನಿ. ಅದಕ್ಕ್ ದುಡ್ಡ್ ಬ್ಯಾಡ.”

ಭಾವ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ದಾರಿಯುದ್ದಕ್ಕೂ ಎದುರು ಬಂದವರೆಲ್ಲ ಅವರನ್ನು ನಿಲ್ಲಿಸಿ ಮಾತನಾಡಿಸಿದರು. ನಾನು ಬೈಕಿನಲ್ಲಿ ಭರ್ರನೆ ಹೋಗುವವನು, ನನ್ನನ್ನು ನಮ್ಮ ಓಣಿಯಲ್ಲಿ ನಾಯಿಯಷ್ಟೇ ಗುರುತಿಸುತ್ತದೆ, ಅದೂ ಬೊಗಳುವುದಕ್ಕೆ. ಆ ಮಧ್ಯಾಹ್ನ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ, ಮಾಡಿದ ಬಂಗುಡೆ ಸಾರಿನ ರುಚಿಯನ್ನು ನಾನಿಲ್ಲಿ ವರ್ಣಿಸುವುದಿಲ್ಲ. ನನ್ನ ಹೆಂಡತಿ ಇದನ್ನು ಓದುತ್ತಾಳೆ.

ಊಟವಾದ ಮೇಲೆ ಎರಡನೇ ಪಾಠ. ಭಾವನಿಗೊಂದು ವಿಚಿತ್ರ ಪದ್ಧತಿಯಿದೆ. ಏನಾದರೂ ಕೊಳ್ಳಬೇಕೆಂಬ ಆಸೆ ಹುಟ್ಟಿದರೆ ಮುಂದಿನ ಅಮಾವಾಸ್ಯೆ ದಾಟುವವರೆಗೆ ಕೊಳ್ಳುವಂತಿಲ್ಲ.

“ಅಮಾಸಿ ಕಳೀಲಿ. ಆಗ್ಳೂ ಬೇಕ್ ಅಂದ್ ಕಂಡ್ರೆ ತಕಂಬ” ಎಂದರು. “ಮಿಕ್ಕಿದ್ದೆಲ್ಲ ತನ್ನಷ್ಟಕ್ಕೆ ಕರ್ಗಿ ಹೋತ್ತ್.”

ಸರಿ, ಊರಿಗೆ ಬಂದು ನಾನೂ ಪ್ರಯೋಗಿಸಿದೆ. ಎಣ್ಣೆಯಿಲ್ಲದೆ ಕರಿಯುವ ಹೊಸ ಯಂತ್ರವೊಂದರ ಮೇಲೆ ಕಣ್ಣು ಬಿದ್ದಿತ್ತು. ಹಲ್ಲುಕಚ್ಚಿ ಕಾದೆ. ಕಾಯುವಾಗ ಬೇಸರ ಕಳೆಯಲು ಫೋನಿನಲ್ಲಿ ಬೇರೆ ಬೇರೆ ಸಾಮಾನುಗಳನ್ನು ನೋಡಿದೆ. ಭಾವನ ಆಸೆಗಳು ಅಮಾವಾಸ್ಯೆಗೆ ಕರಗುತ್ತವಂತೆ. ನನ್ನದು ಅಷ್ಟರಲ್ಲಿ ಮರಿ ಹಾಕಿತ್ತು. ಯಂತ್ರದ ಜೊತೆ ಒಂದು ಕಾಲು ಒತ್ತುವ ಮೆಷಿನ್ನೂ, ಕತ್ತಲಲ್ಲಿ ಹೊಳೆಯುವ ನೀರಿನ ಬಾಟಲಿಯೂ ಮನೆಗೆ ಬಂದವು.

ಇನ್ನು ನಾನೇ ಸ್ವಂತ ಬುದ್ಧಿ ಓಡಿಸಬೇಕೆಂದು, ಒಮ್ಮೆ ಕುದಿಸಿದ ಚಹಾಪುಡಿಯನ್ನೇ ಒಣಗಿಸಿ ಮತ್ತೆ ಚಹಾ ಮಾಡಿದೆ. ಹೆಂಡತಿ ಒಂದು ಗುಟುಕು ಕುಡಿದು ಲೋಟವನ್ನು ತುಳಸಿಕಟ್ಟೆಯ ಬುಡಕ್ಕೆ ಚೆಲ್ಲಲು ಹೋದವಳು, ಅಲ್ಲಿಗೂ ಬೇಡವೆಂದು ಬಚ್ಚಲಿಗೆ ಚೆಲ್ಲಿದಳು.

“ಭಾವ ಹಾಂಗೆಲ್ಲ ಮಾಡ್ತ್ರಿಲ್ಲೆ” ಎಂದಳು. “ಅವ್ರ್ ಮನಿ ಚಾ ಎಷ್ಟ್ ಲಾಯ್ಕ್ ಇತ್ತ್ ಗೊತ್ತಿತ್ತಾ?”

ಗೊತ್ತಿಲ್ಲದೆ ಏನು? ಎರಡು ಲೋಟ ಕುಡಿದಿದ್ದೆ.

ನಿಜ ಹೇಳಬೇಕೆಂದರೆ ನನ್ನನ್ನು ಒಳಗೊಳಗೇ ಸುಟ್ಟದ್ದು ಮೀನೂ ಅಲ್ಲ, ಚಹಾವೂ ಅಲ್ಲ. ಆ ಭಾನುವಾರ ಸಂಜೆ ಕಂಡದ್ದು. ಮುಸ್ಸಂಜೆಗೆ ದೇವರ ದೀಪ ಹಚ್ಚಿದ ಮೇಲೆ ಭಾವ ಮನೆಯ ಲೈಟು, ಫ್ಯಾನು, ಟಿವಿ ಎಲ್ಲ ಆರಿಸಿದರು. ಕರೆಂಟು ಉಳಿಸುವ ಉಪಾಯವಂತೆ. ಗಂಡ ಹೆಂಡತಿ ಇಬ್ಬರೂ ಹೊರಗೆ ಜಗಲಿಯ ಚಿಟ್ಟೆಯ ಮೇಲೆ ಗಾಳಿಗೆ ಕುಳಿತರು. ಅಂಗಡಿಗೆ ಯಾರು ಬಂದಿದ್ದರು, ಬಸ್ಸಿನಲ್ಲಿ ಯಾರು ಜಗಳವಾಡಿದರು, ಇಂಥವೇ ಮಾತು. ನಡುನಡುವೆ ಅತ್ತಿಗೆಯ ನಗು. ಅವರಿಗೆ ಮದುವೆಯಾಗಿ ಇಪ್ಪತ್ತು ವರ್ಷ ಕಳೆದಿದೆ. ಇಷ್ಟು ವರ್ಷದ ಮೇಲೂ ಒಬ್ಬ ಗಂಡನ ಮಾತಿಗೆ ಹೆಂಡತಿ ಹಾಗೆ ನಗುವುದುಂಟೇ? ನಮ್ಮ ಮನೆಯಲ್ಲಿ ಆ ಹೊತ್ತಿಗೆ ಎಲ್ಲ ಕೋಣೆಯ ದೀಪ ಉರಿಯುತ್ತಿರುತ್ತದೆ. ಅವಳು ಅವಳ ಫೋನಿನಲ್ಲಿ, ನಾನು ನನ್ನದರಲ್ಲಿ.

ಅಂದಿನಿಂದ ನನಗೆ ಒಂದೇ ಆಸೆ. ಈ ಮನುಷ್ಯ ಎಲ್ಲಾದರೂ ಗುಟ್ಟಾಗಿ ದುಂದು ಮಾಡುವಾಗ ಕೈಗೆ ಸಿಗಬೇಕು.

ಸಿಕ್ಕಿದರು. ನೆಂಟರೊಬ್ಬರ ಮದುವೆ ಕುಂಭಾಶಿಯ ಸಭಾಭವನದ ಹಾಲಿನಲ್ಲಿತ್ತು. ಅದರ ಹಿಂದಿನ ದಿನ ಮಧ್ಯಾಹ್ನ ಕುಂದಾಪುರದ ಪೇಟೆಯಲ್ಲಿ ನೋಡುತ್ತೇನೆ, ಬೈಂದೂರಿನ ಅಂಗಡಿಯಲ್ಲಿರಬೇಕಾದ ಭಾವ ಛತ್ರಿ ಮಡಚಿ ಹಿಡಿದು ಬಿಸಿಲಲ್ಲಿ ಸರಸರ ನಡೆಯುತ್ತಿದ್ದಾರೆ. ನನ್ನ ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ಬೆನ್ನು ಹತ್ತಿದೆ. ಒಳ್ಳೆಯ ಹೋಟೆಲಿನ ಎ.ಸಿ. ರೂಮಿಗೆ ನುಗ್ಗಲಿ ದೇವರೇ, ಒಂದು ಫೋಟೋ ತೆಗೆದು ಹೆಂಡತಿಗೆ ಕಳುಹಿಸುತ್ತೇನೆ ಎಂದುಕೊಂಡೆ.

ಭಾವ ನಿಂತದ್ದು ಹೂವಿನ ಅಂಗಡಿಯ ಎದುರು. ನಿಂತರು, ನೋಡಿದರು, ಮುಂದೆ ಹೋದರು. ಮತ್ತೆ ತಿರುಗಿ ಬಂದರು. ಕೈ ಕಿಸೆಯೊಳಗೆ ಹೋಯಿತು, ಅಲ್ಲೇ ಉಳಿಯಿತು. ಮತ್ತೆ ಮುಂದೆ ಹೋದರು. ನನಗೆ ತಡೆಯಲಾಗಲಿಲ್ಲ.

“ಹ್ವಾಯ್ ಭಾವ, ಇಲ್ಲೆಂತ ಮಾಡ್ತ್ರಿ?”

ಅವರು ಬೆಚ್ಚಿಬಿದ್ದರು. “ಎಂತ ಇಲ್ಲೆ ಮಾರಾಯ್ರೆ. ಜೆರಾಕ್ಸ್ ಹಾಳಿ ತಕಂಬುಕೆ ಬಂದದ್ದ್.”

“ಹೂಗಿನ್ ಅಂಗ್ಡಿಯಗಾ?”

ಭಾವ ನನ್ನ ಮುಖ ನೋಡದೆ ಹೇಳಿದರು.

“ಹೋದ್ ಸಲ ಮದಿ ಮನಿಯಗ್ ಹೆಂಗ್ಸ್ರೆಲ್ಲ ಮಲ್ಲಿಗಿ ಮುಡ್ಕಂಡ್ ಬಂದಿದ್ರ್. ನಿಮ್ ಅತ್ಗಿ ಮಂಡಿಯಗ್ ಹೂಗೇ ಇರ್ಲಿಲ್ಲೆ. ಯಾರೋ ಒಬ್ರ್ ತಮ್ ಮಂಡಿದ್ ತೆಗ್ದ್ ಒಂದ್ ತುಂಡ್ ಕೊಟ್ರ್. ಇವ್ಳ್ ನೆಗ್ಯಾಡ್ಕಂಡ್ ಮುಡ್ಕಂಡ್ಲ್. ನನ್ನತ್ರ ಎಂತದೂ ಹೇಳ್ಲಿಲ್ಲೆ. ಹೇಳಿ ಬೈದಿದ್ರ್ ಅಡ್ಡಿ ಇರ್ಲಿಲ್ಲ.”

“ತಕಣಿ ಅಲ್ದಾ ಮತ್ತೆ.”

“ದುಡ್ಡ್ ಕಿಸಿಯಗೇ ಇತ್ತ್. ಇಲ್ಲಿಗ್ ಬತ್ತೆ, ನಿಂತ್ಕಂತೆ. ನಾಳಿ ಬೈಸಾರಿ ಹೊತ್ತಿಗ್ ಬಾಡತ್ತಲ್ದಾ ಅಂದ್ ಕಾಂತ್ತ್. ಕೈ ಹೆರ್ಗ್ ಬತ್ತಿಲ್ಲೆ.” ಕೈಯನ್ನೇ ನೋಡಿಕೊಂಡರು. “ನಿಮ್ಗ್ ಅದ್ ಹ್ಯಾಂಗ್ ಬತ್ತ್? ಖುಷಿ ಆಯ್ತ್ ಅಂದ್ರ್ ತಕಂತ್ರಿ, ಮನಿಗ್ ತತ್ತ್ರಿ. ನಿಮ್ಮನ್ನ್ ಕಂಡ್ರ್ ನಂಗ್ ಹೊಟ್ಟಿಕಿಚ್ಚ್ ಆತ್ತ್.”

ಇಷ್ಟು ವರ್ಷ ನಾನೊಬ್ಬನೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದೆ. ಆ ಮಾತು ಕೇಳಿ ನಾನು ಕುಣಿಯಬೇಕಿತ್ತು. ಆದರೆ ಅವರ ಮುಖ ನೋಡಿದ ಮೇಲೆ ಕುಣಿಯಲು ಮನಸ್ಸಾಗಲಿಲ್ಲ.

ಭಾವ ಪರ್ಸು ತೆಗೆದು ನನ್ನ ಕೈಗೆ ತುರುಕಿದರು. “ನೀವೇ ತಕಣಿ. ನಾನ್ ಆಚಿ ಬದಿ ನಿಂತ್ಕಂತೆ. ದುಡ್ಡ್ ಕೊಡುದ್ ಕಂಡ್ರ್ ನಾನ್ ಬ್ಯಾಡ ಅಂದೇ ಹೇಳುದ್.”

ರಸ್ತೆ ದಾಟಿ, ನಮ್ಮ ಕಡೆ ಬೆನ್ನು ಮಾಡಿ, ನಿಂತಿದ್ದ ಬಸ್ಸಿನ ಬೋರ್ಡನ್ನು ಪರೀಕ್ಷೆಗೆ ಓದುವವರಂತೆ ಓದತೊಡಗಿದರು. ನಾನು ಚೌಕಾಸಿ ಮಾಡದೆ ಒಂದು ಇಡೀ ಅಟ್ಟಿ, ಎಂದರೆ ನಾಲ್ಕು ಚೆಂಡು ಮಲ್ಲಿಗೆ ತೆಗೆದುಕೊಂಡೆ. ಮದುವೆಯ ಕಾಲ, ದರ ಕೇಳಬೇಡಿ. ಅವರೂ ಕೇಳಲಿಲ್ಲ. ಬಾಳೆಲೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಮೂಸಿದರು. ಮತ್ತೆ ಛತ್ರಿ ಬಿಡಿಸಿ, ಹೂವಿಗೆ ನೆರಳು ಮಾಡಿ, ತಾವು ಬಿಸಿಲಲ್ಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಮರುದಿನ ಹಾಲಿನಲ್ಲಿ ಅತ್ತಿಗೆ ತುರುಬು ಕಾಣದಷ್ಟು ಮಲ್ಲಿಗೆ ಮುಡಿದು ಬಂದಿದ್ದರು. ಯಾರು ಕೇಳಿದರೂ, ಕೇಳದಿದ್ದರೂ, “ಇವ್ರ್ ತಂದದ್ದ್” ಎನ್ನುತ್ತಿದ್ದರು. ನನ್ನ ಹೆಂಡತಿ ಅಕ್ಕನ ತಲೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅದು ಎಂಥ ನೋಟ ಎಂದು ಸಂಸಾರಸ್ಥರಿಗೆ ನಾನು ಹೇಳಬೇಕಾಗಿಲ್ಲ. ಕೊಂಡು ತಂದದ್ದು ನಾನೇ ಎಂಬ ಮಾತು ನಾಲಿಗೆಯ ತುದಿವರೆಗೆ ಬಂದಿತ್ತು. ಆ ಒಂದು ಮಾತನ್ನು ನಾನು ಖರ್ಚು ಮಾಡಲಿಲ್ಲ.

ಊಟ ಮುಗಿದು ಜನ ಕರಗುವ ಹೊತ್ತು. ಹಾಲಿನ ಮೂಲೆಯಲ್ಲಿ, ಫ್ಯಾನಿನ ಕೆಳಗೆ ಭಾವ ಅಲುಗಾಡದೆ ಕುಳಿತಿದ್ದರು. ಅತ್ತಿಗೆ ಅವರ ಭುಜಕ್ಕೆ ಒರಗಿ ತೂಕಡಿಸುತ್ತಿದ್ದರು. ಮಲ್ಲಿಗೆ ಕೆಂಪಾಗಿ ಜೋಲುಬಿದ್ದಿತ್ತು, ಉದುರಿದ ಹೂಗಳು ಭಾವನ ಅಂಗಿಯ ಮೇಲಿದ್ದವು. ನಾನು ಹತ್ತಿರ ಹೋಗಿ, ತಮಾಷೆಗೆಂದು, “ಭಾವ, ಹೂಗ್ ಬಾಡಿತಲೆ” ಎಂದೆ.

“ಬಾಡ್ಲಿ” ಎಂದರು, ಪಿಸುಮಾತಿನಲ್ಲಿ. “ನೀವ್ ಮೆಲ್ಲ ಮಾತಾಡಿ. ಅವ್ಳಿಗ್ ಈಗಷ್ಟೇ ನಿದ್ರಿ ಹತ್ತಿತ್ತ್.”