ಎರಡನೇ ಚರಣದ ಕೆಮ್ಮು

ಒಂದೇ ಹಾಡನ್ನು ಇಬ್ಬರು ಹಾಡಿದ್ದಲ್ಲಿ, ಹೆಚ್ಚು ಜನ ಕೇಳಿದ್ದೇ ಮೂಲವೆಂದೂ ಇನ್ನೊಂದು ಅದರ ಅನುಕರಣೆಯೆಂದೂ ಭಾವಿಸತಕ್ಕದ್ದು. ಇದು ಗೀತ ಹೋಲಿಕೆ ಮಂಡಳಿಯ ಮೊದಲ ನಿಯಮ. ಇದಕ್ಕೆ ಇದುವರೆಗೆ ಒಂದೂ ಆಕ್ಷೇಪಣೆ ಬಂದಿಲ್ಲ. ಆಕ್ಷೇಪಣೆ ಸ್ವೀಕರಿಸುವ ಕಿಟಕಿಗೆ ಬಣ್ಣ ಬಳಿದ ಮೇಲೆ ಅದು ತೆರೆಯುತ್ತಿಲ್ಲ.

ಈ ನಿಯಮದಂತೆ ಹಾಡಜ್ಜಿಯನ್ನು ಮಂಡಳಿಗೆ ಕರೆಸಲಾಯಿತು. ಪ್ರಾಯದಲ್ಲಿ ಅವಳು ಹಾಡಿದ್ದ ಹಾಡನ್ನು ಈಚೆಗೆ ಹೊಸ ಗಾಯಕಿಯೊಬ್ಬಳು ಮತ್ತೆ ಹಾಡಿ, ಅದು ಊರೆಲ್ಲ ಮೊಳಗುತ್ತಿತ್ತು. ಹಾಡಜ್ಜಿಯ ಟೇಪಿನ ಎರಡನೇ ಚರಣದಲ್ಲಿ ಒಂದು ಕೆಮ್ಮಿತ್ತು. ಅದು ಪಿಟೀಲು ನುಡಿಸುತ್ತಿದ್ದ ಅವಳ ಗಂಡನದು. ಹೊಸಬರು ಬಲು ನಿಷ್ಠೆಯವರು, ಒಂದಕ್ಷರ ಬಿಡಬಾರದೆಂದು ಕೆಮ್ಮುಗಾರನೊಬ್ಬನನ್ನು ಗೊತ್ತುಮಾಡಿ ಅದನ್ನೂ ಸೇರಿಸಿದ್ದರು. ಜನ ಮರುಳಾದದ್ದು ಅದಕ್ಕೇ.

ಹೋಲಿಕೆ ಅಧಿಕಾರಿ ಎರಡನ್ನೂ ಕೇಳಿ, ಕಿವಿ ಒರೆಸಿಕೊಂಡು ಹೇಳಿದ:

"ಪರವಾಗಿಲ್ಲ ಅಜ್ಜಿ, ಚೆನ್ನಾಗೇ ಅನುಕರಣೆ ಮಾಡಿದೀರಿ. ಆದ್ರೆ ದನಿ ತೀರಾ ಎಳೇದಾಯ್ತು."

"ಆಗ ನಾನಿನ್ನೂ ಹುಡುಗಿ ಕಣಪ್ಪಾ."

"ಅದೇ ತಪ್ಪು. ಹಳೇ ಹಾಡು ಅಂದ್ಮೇಲೆ ವಯಸ್ಸಾದೋರು ಹಾಡ್ಬೇಕಿತ್ತು. ಹೋಗ್ಲಿ, ಹಾಡು ಇಟ್ಕೊಳ್ಳಿ. ಕೆಮ್ಮು ಮಾತ್ರ ಅಳಿಸ್ತೀವಿ, ಅದು ಹೊಸಬರ ಸ್ವತ್ತು."

ಹಾಡಜ್ಜಿಯ ಗಂಡ ತೀರಿಹೋಗಿದ್ದ. ಬದುಕಿದ್ದಾಗಲೂ ಅವನ ಬಾಯಿಂದ ಮಾತು ಹೊರಡಿಸುವುದು ಹರಸಾಹಸವಾಗಿತ್ತು. ಅವನ ಗಂಟಲಿನದೆಂದು ಲೋಕದಲ್ಲಿ ಉಳಿದಿದ್ದದ್ದು ಆ ಒಂದು ಕೆಮ್ಮು ಮಾತ್ರ. ಸಂಜೆಯಾದರೆ ಅವಳು ಟೇಪು ಹಾಕುತ್ತಿದ್ದದ್ದು ತನ್ನ ಹಾಡು ಕೇಳುವುದಕ್ಕಲ್ಲ.

"ಬೇಕಾದ್ರೆ ಹಾಡು ಅಳಿಸ್ಕೊಳ್ಳಪ್ಪಾ, ಕೆಮ್ಮು ಬಿಟ್ಬಿಡು," ಅಂದಳು.

"ಹಾಗಾದ್ರೆ ನಿಮ್ಮೆಜಮಾನ್ರು ಖುದ್ದಾಗಿ ಬಂದು ಕೆಮ್ಲಿ."

"ಅವರು ಹೋಗ್ಬಿಟ್ಟಿದಾರೆ."

"ಎಲ್ಲಿಗೆ ಅಂತ ಕೇಳೋ ಅಧಿಕಾರ ನಮಗಿಲ್ಲ. ಅವರ ಪರವಾಗಿ ಅಧಿಕೃತ ಕೆಮ್ಮುಗಾರರು ಕೆಮ್ಮಬಹುದು. ಟೇಪಿಗೆ ಹೊಂದಿದ್ರೆ ಉಳಿಸ್ತೀವಿ."

ಹೊಸ ಹಾಡಿಗೆ ಕೆಮ್ಮಿದ್ದ ಕೆಮ್ಮುಗಾರನೇ ಬಂದ. ಜನ್ಮದಲ್ಲಿ ನೆಗಡಿಯಾಗದ ಗುಂಡುಕಲ್ಲಿನಂಥ ಆಳು, ಆದರೆ ಸಂಭಾವಿತ. ಹಾಡಜ್ಜಿಗೆ ಕೈಮುಗಿದು, ಕಿಟಕಿಯ ಗಾಜು ಅದುರುವಂತೆ ಕೆಮ್ಮಿದ. ಗುಮಾಸ್ತರು ಚಪ್ಪಾಳೆ ತಟ್ಟಿದರು.

"ಅಯ್ಯೋ, ಅವರು ಇಷ್ಟು ಧಾರಾಳ ಅಲ್ಲಪ್ಪಾ," ಅಂದಳು ಹಾಡಜ್ಜಿ. "ನನ್ನ ಹಾಡು ಕೆಟ್ಟುಹೋಗುತ್ತೆ ಅಂತ ತಡೆದ್ರು. ಗದ್ದದ ಕೆಳಗೆ ಪಿಟೀಲು ಒತ್ಕೊಂಡು, ಕಣ್ಣಲ್ಲಿ ನೀರು ಬಂದ್ರೂ ತಡೆದ್ರು. ಕೊನೆಗೆ ಅವರ ಕೈಮೀರಿ ಬಂದದ್ದು ಅದು."

ಕೆಮ್ಮುಗಾರ ಮೇಜಿನ ಮೇಲಿನ ಅಡ್ಡಪಟ್ಟಿಯನ್ನು ಗದ್ದಕ್ಕೊತ್ತಿಕೊಂಡ. ಹಾಡಜ್ಜಿ ಎರಡನೇ ಚರಣ ಎತ್ತಿಕೊಂಡಳು. ಅವನು ಉಸಿರು ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು, ತಡೆದು ತಡೆದು, ಆಮೇಲೆ ಸಣ್ಣಗೆ ಕೆಮ್ಮಿಬಿಟ್ಟ.

ಹಾಡಜ್ಜಿ ಹಾಡು ನಿಲ್ಲಿಸಿದಳು.

"ನೀರು ಕುಡೀರಿ ಅಂದ್ರೆ ಕೇಳೋದೇ ಇಲ್ವಲ್ಲ ನೀವು," ಅಂದುಬಿಟ್ಟಳು.

ಅಧಿಕಾರಿ ಮೂಗು ಸೀಟಿ, ಟೇಪು ಹಾಕಿ ಹೋಲಿಸಿದ. ಕೆಮ್ಮು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ಆದರೆ ನೀರಿನ ಮಾತು ಟೇಪಿನಲ್ಲಿ ಇರಲಿಲ್ಲ.

"ಇದನ್ಯಾಕೆ ಬಿಟ್ರಿ?" ಎಂದ.

"ಹಾಡ್ತಾ ಇದ್ನಲ್ಲಪ್ಪಾ, ಹೇಗೆ ಹೇಳ್ಲಿ?"

ಆದೇಶ ಹೀಗೆ ಹೊರಬಿತ್ತು: ಹಾಡಜ್ಜಿಯ ಟೇಪು ಅಪೂರ್ಣ ಅನುಕರಣೆಯಾಗಿದ್ದು, ಕೆಮ್ಮಿನ ಸಮೇತ ಉಳಿಸಿಕೊಳ್ಳಲು ಅನುಮತಿಸಿದೆ. ಬಿಟ್ಟುಹೋದ ಮಾತನ್ನು ಟೇಪು ಹಾಕಿದಾಗಲೆಲ್ಲ ಆಕೆಯೇ ಸ್ವತಃ ಹೇಳತಕ್ಕದ್ದು. ಹೇಳಿದ ಮೇಲೆ ನೀರನ್ನು ಸಂಬಂಧಪಟ್ಟವರು ಕುಡಿಯತಕ್ಕದ್ದು.

ಹೊಸ ಗಾಯಕಿಯೂ ಆ ಮಾತನ್ನು ಸೇರಿಸಿ ಮತ್ತೆ ಹಾಡಿದಳು. ಈಗ ಸಭೆಗಳಲ್ಲಿ ಕೆಮ್ಮು ಬಂದ ಕೂಡಲೇ ಜನ ಎದ್ದು ನಿಂತು ಒಕ್ಕೊರಲಿನಿಂದ "ನೀರು ಕುಡೀರಿ" ಅನ್ನುತ್ತಾರೆ. ಆಮೇಲೆ ಮೂಲ ಹಾಡಿನಷ್ಟು ಚೆಂದ ಯಾವುದೂ ಇಲ್ಲವೆಂದು ಮಾತಾಡಿಕೊಳ್ಳುತ್ತ ಮನೆಗೆ ಹೋಗುತ್ತಾರೆ.

ಹಾಡಜ್ಜಿಯ ಮನೆಯಲ್ಲೂ ನಿಯಮಪಾಲನೆ ಚಾಚೂ ತಪ್ಪಿಲ್ಲ. ಸಂಜೆ ಕೆಮ್ಮುಗಾರ ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತುಕೊಳ್ಳುತ್ತಾನೆ. ಟೇಪು ತಿರುಗುತ್ತದೆ, ಕೆಮ್ಮು ಬರುತ್ತದೆ, ಇಷ್ಟು ವರ್ಷ ಗೋಡೆಗೆ ಹೇಳಿಕೊಳ್ಳುತ್ತಿದ್ದ ಮಾತನ್ನು ಹಾಡಜ್ಜಿ ಸರ್ಕಾರಿ ಅಪ್ಪಣೆಯ ಮೇರೆಗೆ ಹೇಳುತ್ತಾಳೆ. ಕೆಮ್ಮುಗಾರನ ಕೈಲಿರುವ ಲೋಟ ಖಾಲಿಯಾಗುವ ತನಕ ಅವಳು ಎದ್ದು ಹೋಗುವುದಿಲ್ಲ.